ಹಳೆ ಹಾಸಿನ ಬಾಲ

ಹಿಂದೂಪುರದಿಂದ ಹೊರಟ ಬೆಳಗಿನ ಬಸ್ಸು ರೊದ್ದಂ ದಾಟುವಷ್ಟರಲ್ಲಿ ಕೇಶವಯ್ಯ ಅಕ್ಕನಿಗೆ ಹೇಳಬೇಕಾದ ಮಾತನ್ನು ಮನಸ್ಸಿನೊಳಗೆ ಎಷ್ಟೋ ಸಲ ಮಗುಚಿಹಾಕಿದ್ದ. ಅಕ್ಕಾ, ಇನ್ನು ಈ ಮಗ್ಗ ಸಾಕು, ಬಿಚ್ಚಿಬಿಡು, ಹಿಂದೂಪುರಕ್ಕೆ ಬಂದುಬಿಡು, ನಿನ್ನನ್ನು ನಾವು ನೋಡಿಕೊಳ್ಳುತ್ತೇವೆ. ಮಾತು ಚೆನ್ನಾಗಿಯೇ ಇತ್ತು. ಅದು ಇಷ್ಟು ಚೆನ್ನಾಗಿದೆಯಲ್ಲ ಎಂಬುದೇ ಅವನ ಕಸಿವಿಸಿ. ಹೆಂಡತಿ ಗಂಗಾದೇವಿಯ ಹೆರಿಗೆ ರಜೆ, ಅದಕ್ಕೆ ಜೋಡಿಸಿಕೊಂಡಿದ್ದ ರಜೆ, ಎಲ್ಲ ಮುಗಿದು ಸೋಮವಾರದಿಂದ ಅವಳು ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗಬೇಕು. ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಅತ್ತೆ ತನ್ನ ಕಿರಿಮಗಳ ಬಾಣಂತನಕ್ಕೆ ಹೊರಟುಹೋಗಿದ್ದಳು. ಹಾಗಿರುವಾಗ ಯಾರು ಯಾರನ್ನು ನೋಡಿಕೊಳ್ಳುವುದು? ಕಾಲೇಜಿನಲ್ಲಿ ವಾಕ್ಯಗಳನ್ನು ತಲೆಕೆಳಗು ಮಾಡುವುದೇ ಅವನ ಕೆಲಸವಾಗಿ, ಮನೆಯ ಈ ಒಂದು ಮಾತೂ ತಾನಾಗಿಯೇ ತಲೆಕೆಳಗಾಗಿ ನಿಂತುಬಿಟ್ಟಿತ್ತು. ಕಿಟಕಿಯಾಚೆ ಕಡಲೆಕಾಯಿ ಹೊಲಗಳು, ನಡುನಡುವೆ ಆನೆ ಮಲಗಿದಂಥ ಬಂಡೆಗಳು. ಚಿಕ್ಕವನಿದ್ದಾಗ ಈ ಬಂಡೆಗಳು ಓಡುತ್ತವೆ, ಬಸ್ಸು ನಿಂತಿದೆ ಎಂದು ಅವನು ನಂಬಿದ್ದ. ಅಕ್ಕ ಬನಶಂಕರಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಓಡ್ಲಿ ಬಿಡು, ನಮ್ಗೇನು, ನಾವು ಕೂತಿದ್ದೀವಲ್ಲ" ಎಂದಿದ್ದಳು.

ಹಿಂದಿನ ದಿನ ಇಂಟರ್ ಮೊದಲ ವರ್ಷದ ಹುಡುಗರಿಗೆ ಅವನು ಅದೇ ಪಾಠ ಮಾಡಿದ್ದ, ಪ್ರತಿ ವರ್ಷ ಮಾಡುವ ಪಾಠ. ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳು ಒಂಟಿಯಾಗಿ ಇರುವುದಿಲ್ಲ, ಹಿಂದೆ ಒಂದು ಪುಟ್ಟ ಮಾತನ್ನು ಎಳೆದುಕೊಂಡೇ ಓಡಾಡುತ್ತವೆ. ಬರಿಯ 'ಲುಕ್' ಎಂದರೆ ನೋಡುವುದು, 'ಲುಕ್ ಆಫ್ಟರ್' ಎಂದರೆ ಜೋಪಾನ ಮಾಡುವುದು. ವಾಕ್ಯವನ್ನು ಕರ್ಮಣಿಗೆ ತಿರುಗಿಸಿದಾಗ ಯಾರ ಜೋಪಾನವಾಯಿತೋ ಅವರು ಮುಂದಕ್ಕೆ ಬರುತ್ತಾರೆ, ಮಾಡಿದವರು ಹಿಂದಕ್ಕೆ ಹೋಗುತ್ತಾರೆ, ಬೇಕಿಲ್ಲವೆಂದರೆ ಮಾಡಿದವರನ್ನು ಬಿಟ್ಟೇ ಬಿಡಬಹುದು. ಆದರೆ ಆ ಪುಟ್ಟ ಮಾತನ್ನು ಮಾತ್ರ ಬಿಡುವಂತಿಲ್ಲ. 'ದಿ ಚೈಲ್ಡ್ ವಾಸ್ ಲುಕ್ಡ್ ಆಫ್ಟರ್' ಎಂದು ಬರೆದು, ಕೊನೆಯ ಮಾತಿನ ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಂಚು ಗುದ್ದಿ, "ಬಾಲ ಎಲ್ಲಿ? ಬಾಲ ಬಿಡಬಾರದು!" ಎಂದು ಕೂಗುವುದು ಅವನ ರೂಢಿ. ಹುಡುಗರು ಅವನಿಗೆ ಇಟ್ಟ ಹೆಸರು ತೋಕ ಸಾರು. ತೆಲುಗಿನಲ್ಲಿ ಬಾಲಕ್ಕೆ ತೋಕ. ಒಮ್ಮೆ ಕ್ಲಾಸಿನ ಬಾಗಿಲ ಮೇಲೆ ಕನ್ನಡಕದ ಮನುಷ್ಯನೊಬ್ಬನ ಚಿತ್ರ ಇತ್ತು, ಪ್ಯಾಂಟಿನಿಂದ ಉದ್ದನೆಯ ಬಾಲ. ಅವನು ನಕ್ಕು ಅದನ್ನು ಅಂಗೈಯಿಂದ ಒರೆಸಿದ್ದ. ಸ್ಟಾಫ್ ರೂಮಿಗೆ ಹೋಗಿ ಕೈ ತೊಳೆಯುವಾಗ ಮಾತ್ರ ಕಿವಿ ಬಿಸಿಯಾಗಿತ್ತು. ಆ ಮಾತು ತನ್ನದಲ್ಲ, ಕಲ್ಯಾಣದುರ್ಗದ ಒಂದು ಮಗ್ಗದ ಮನೆಯದು ಎಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬಾಲದ ಕೊನೆಗೆ ಒಂದು ಲಾಳಿಯನ್ನೂ ಕಟ್ಟಿ ಚಿತ್ರ ಬರೆಯುತ್ತಿದ್ದರೇನೋ.

ಶ್ರೀರಾಮುಲು ಮೇಷ್ಟರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಒಂಬತ್ತನೆಯ ಕ್ಲಾಸಿನಲ್ಲಿ. ಅವರು ಅವನನ್ನು ನೋಡಿ ನಕ್ಕರು ಎಂಬುದನ್ನು ಇಂಗ್ಲಿಷಿನಲ್ಲಿ ಕರ್ಮಣಿಗೆ ತಿರುಗಿಸು ಎಂದರು. 'ಹೀ ವಾಸ್ ಲಾಫ್ಡ್' ಎಂದು ಅವನು ನಿಲ್ಲಿಸಿಬಿಟ್ಟ. 'ಅಟ್' ಎಲ್ಲಿ ಹೋಯಿತು ಎಂದು ಮೇಷ್ಟರು ಕೇಳಿದರು. ಅವನು ನೆಲ ನೋಡಿದ, ಅದು ಎಲ್ಲಿಯಾದರೂ ಬಿದ್ದಿರಬಹುದು ಎಂಬಂತೆ. ಇಡೀ ಕ್ಲಾಸು ನಕ್ಕಿತು. ವಾಕ್ಯ ಹೀಗೆ ನಿಜವಾಗಿಬಿಡುವುದನ್ನು ಅವನು ಮೊದಲ ಸಲ ನೋಡಿದ್ದು ಅಂದೇ. ಸಂಜೆ ಮನೆಗೆ ಬಂದರೆ ಅಕ್ಕ ಮಗ್ಗದ ಮುಂದೆ ಕೂತು ಹೊಸ ಹಾಸಿನ ಎಳೆ ಕೂಡಿಸುತ್ತಿದ್ದಳು. ಸೀರೆ ನೇಯ್ದು ಮುಗಿದರೂ ಹಾಸನ್ನು, ಅಂದರೆ ಉದ್ದೆಳೆಯನ್ನು, ಪೂರಾ ಕತ್ತರಿಸಿ ತೆಗೆಯುವುದಿಲ್ಲ. ಬಾಚಣಿಗೆಯಂಥ ಹಣಿಗೆಯ ಸಂದುಗಳಲ್ಲಿ ಗೇಣುದ್ದ ಹಳೆಯ ಎಳೆಗಳು ಹಾಗೇ ಇಳಿಬಿದ್ದಿರುತ್ತವೆ. ಅವಕ್ಕೆ ಒಂದೊಂದಾಗಿ ಹೊಸ ಎಳೆಯನ್ನು ಸೇರಿಸಿ, ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಹಳೆಯದು ಹೊಸದನ್ನು ಎಳೆದುಕೊಂಡು ಹಣಿಗೆಯೊಳಗೆ ಹೋಗುತ್ತದೆ. ಆ ಇಳಿಬಿದ್ದ ಎಳೆಗಳಿಗೆ ಅಕ್ಕ ಬಾಲ ಎನ್ನುತ್ತಿದ್ದಳು. ಬಾಲ ಬಿಟ್ಟರೆ ಮಗ್ಗ ಬರಿದು, ಮಗ್ಗ ಬರಿದಾದರೆ ಮನೆ ನೇಯ್ಗೆ ಬಿಟ್ಟಂತೆ. ಅವನು ಅಳುತ್ತಾ ಶಾಲೆಯ ಕತೆ ಹೇಳಿದಾಗ ಅವಳು ಎದುರಿಗೆ ಕೂರಿಸಿಕೊಂಡಳು. "ಒಂದೊಂದು ಎಳೆ ಎತ್ತಿಕೊಡು, ಒಂದೊಂದಕ್ಕೂ ಒಂದೊಂದು ಹೇಳು. ಬಾಲ ಬಿಟ್ರೆ ನೋಡು, ಬೂದಿ ಕೈಯಾಗೆ ಕಪಾಳಕ್ಕೆ ಬಿಡ್ತೀನಿ." ಎಳೆ ಎತ್ತಿಕೊಟ್ಟ, ಹೇಳಿದ: ವಾಸ್ ಲಾಫ್ಡ್ ಅಟ್. ಎಳೆ ಎತ್ತಿಕೊಟ್ಟ: ವಾಸ್ ಲುಕ್ಡ್ ಆಫ್ಟರ್. ವಾಸ್ ಸೆಂಟ್ ಫಾರ್. ವಾಸ್ ಪುಟ್ ಆಫ್. ಅವಳೂ ಜೊತೆಗೆ ಗುನುಗಿದಳು. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಅರ್ಥ ಹೇಳಲೇನಕ್ಕ ಎಂದರೆ, "ಅರ್ಥ ನೀನೇ ಇಟ್ಕೋ, ನಂಗೆ ರಾಗ ಸಾಕು" ಎಂದಳು.

'ದಿ ಡಾಕ್ಟರ್ ವಾಸ್ ಸೆಂಟ್ ಫಾರ್.' ಡಾಕ್ಟರಿಗೆ ಹೇಳಿಕಳುಹಿಸಲಾಯಿತು. ವ್ಯಾಕರಣದ ಪುಸ್ತಕದಲ್ಲಿ ಈಗಲೂ ಅದೇ ವಾಕ್ಯವಿದೆ. ಯಾರು ಹೋದರು ಎಂದು ಪುಸ್ತಕಕ್ಕೆ ಬೇಕಿಲ್ಲ. ಅವನ ಬೆನ್ನಿಗೆ ಹುಟ್ಟಿ ಉಳಿಯದ ಕೂಸಿನ ಬಾಣಂತನದಲ್ಲಿ ಅಮ್ಮ ಕಡೆಯ ಜ್ವರದಲ್ಲಿ ಮಲಗಿದ್ದ ಆ ಮಧ್ಯಾಹ್ನ ಹೋದವಳು ಅಕ್ಕ, ಬರಿಗಾಲಿನಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರದ ಡಾಕ್ಟರ ಮನೆಗೆ, ಕಂಕುಳಲ್ಲಿ ಅವನನ್ನೂ ಎತ್ತಿಕೊಂಡು. ಬಿಸಿಲಿಗೆ ಅವಳು ಕಾಲು ಎತ್ತೆತ್ತಿ ಇಡುತ್ತಿದ್ದದ್ದು ಅವನಿಗೆ ಕುದುರೆಯಾಟದಂತೆ ಖುಷಿಯಾಗಿತ್ತು, ಇನ್ನೂ ಜೋರಾಗಿ ಓಡು ಎಂದು ಅವಳ ಜಡೆ ಎಳೆದಿದ್ದ. 'ವಾಸ್ ಪುಟ್ ಆಫ್.' ಮುಂದಕ್ಕೆ ಹಾಕಲಾಯಿತು. ಬೆಳುಗುಪ್ಪದ ಕಡೆಯಿಂದ ಅಕ್ಕನಿಗೆ ಬಂದ ಸಂಬಂಧ ಅವನು ಹತ್ತನೆಯದು ಮುಗಿಸಲಿ ಎಂದು ಮುಂದಕ್ಕೆ ಹೋಯಿತು, ಆಮೇಲೆ ಬಿ.ಎ. ಮುಗಿಯಲಿ ಎಂದು. ಆಮೇಲೆ ಯಾರೂ ಆ ಮಾತೇ ತೆಗೆಯಲಿಲ್ಲ. ಯಾರು ಮುಂದಕ್ಕೆ ಹಾಕಿದರು? ಅಪ್ಪನೇ? ಮನೆಗೆ ಬಂದು ಕಾಫಿ ಕುಡಿದುಹೋದ ನೆಂಟರೇ? ಹಾಸ್ಟೆಲಿನಲ್ಲಿ ಕೂತು ಇಂಗ್ಲಿಷ್ ಓದುತ್ತಿದ್ದ ತಾನೇ? ಕರ್ಮಣಿಯಲ್ಲಿ ಹೇಳಿದರೆ ಯಾರ ಮೇಲೂ ಬರುವುದಿಲ್ಲ. ಕಂಡಕ್ಟರು ಕಲ್ಯಾಣದುರ್ಗ, ಕಲ್ಯಾಣದುರ್ಗ ಎಂದು ಕೂಗಿ ಬಾಗಿಲು ಬಡಿದಾಗ ಕೇಶವಯ್ಯ ಬೆಚ್ಚಿಬಿದ್ದು ಎದ್ದ, ಸೀಟಿನ ಮೇಲೆ ಬಿಟ್ಟುಹೋಗುತ್ತಿದ್ದ ಮಗುವಿನ ಫೋಟೋದ ಲಕೋಟೆಯನ್ನು ಹಿಂದಿನವರು ಯಾರೋ ಕೈಗೆ ಕೊಟ್ಟರು.

ಬೀದಿ ಮೊದಲಿನಷ್ಟು ಸದ್ದು ಮಾಡುತ್ತಿರಲಿಲ್ಲ. ಹಿಂದೆ ಮೂಲೆ ತಿರುಗಿದ ಕೂಡಲೇ ಮನೆಮನೆಯಿಂದ ಮಗ್ಗದ ಟಕ್ಕುಟಕ್ಕು ಕೇಳಿ, ಕಣ್ಣು ಮುಚ್ಚಿಕೊಂಡೇ ಯಾರ ಮನೆ ಎಂದು ಹೇಳಬಹುದಿತ್ತು. ಹಲವರು ಹಿಂದೂಪುರದ ಪವರ್‌ಲೂಮುಗಳಿಗೆ ಹೋಗಿಬಿಟ್ಟಿದ್ದರು. ಜಗಲಿಯ ಮೇಲೆ ಬೀದಿಯ ಹಿರಿಯ ಮುತ್ಯಾಲಪ್ಪ ಕಾಲು ಚಾಚಿ ಕೂತಿದ್ದ. ಅಪ್ಪ ಹೋದ ಮೇಲೆ ಅಕ್ಕನಿಗೆ ನೂಲು ತರುವುದು, ಸೀರೆ ಸಾಗಿಸುವುದು ಅವನೇ. "ಏನಪ್ಪಾ ಇಂಗ್ಲೀಷ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ಯಾ? ಬಾ ಬಾ, ನಿಮ್ಮಕ್ಕ ನಿನ್ನ ಹೆಸರು ಹಿಡಿದೇ ಬೈತಾ ಇದ್ಲು" ಎಂದ. ಒಳಗೆ ಕತ್ತಲಿನ ತಂಪು, ಗಂಜಿಯ ವಾಸನೆ, ಗುಂಡಿ ಮಗ್ಗದ ಮೇಲೆ ಗವಾಕ್ಷಿಯಿಂದ ಬಿದ್ದ ಬಿಸಿಲಿನ ಕೋಲು. ಹೊಸ ಹಾಸು ಸುರುಳಿಯಾಗಿ ಸಿದ್ಧವಾಗಿತ್ತು, ಹಾಲು ಬಣ್ಣ, ಅಂಚಿಗೆ ಕುಂಕುಮದ ಕೆಂಪು. ತೆಂಗಿನ ಚಿಪ್ಪಿನಲ್ಲಿ ಬೂದಿ. ಅಕ್ಕ ತಲೆ ಎತ್ತಿ ನೋಡಿದಳು. ಕಿವಿಯ ಪಕ್ಕ ಕೂದಲು ನೆರೆತಿತ್ತು. ಅವಳಿಗೆ ವಯಸ್ಸಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ ಎಂಬಂತೆ ಅವನು ಹೊಸಲಲ್ಲೇ ನಿಂತ.

"ಒಳ್ಳೆ ಹೊತ್ತಿಗೆ ಬಂದ್ಬುಟ್ಟೆ ಕಣ್ಲಾ. ಎದುರ್ಮನೆ ಚಿನ್ನಕ್ಕ ಎಳೆ ಎತ್ತಿಕೊಡ್ತೀನಿ ಅಂದಿದ್ಲು, ಸೆಟ್ಟೂರಿಗೆ ಸಾವಿನ ಮನೆಗೆ ಹೋದ್ಲು. ಅನ್ನ ಉಂಡಿದ್ಯಾ?"

"ಬಸ್ಸಿಳಿದು ಇಡ್ಲಿ ತಿಂದೆ."

"ಹೋಟೆಲ್ ಇಡ್ಲಿ ತಿಂದು ಅಕ್ಕನ ಮನೆಗೆ ಬತ್ತಾನೆ, ದೊಡ್ಡ ಮನುಷ್ಯ. ಶರಟು ಬಿಚ್ಚಿ ಗೂಟಕ್ಕೆ ಹಾಕು. ಕೂತ್ಕೋ."

ಆಗಲೇ ಹೇಳಿಬಿಡಬೇಕಿತ್ತು. ಅವಳು ಮೊದಲ ಎಳೆಯನ್ನು ಮುಟ್ಟುವ ಮುಂಚೆ, ಹಾಸು ಇನ್ನೂ ಸುರುಳಿಯಾಗಿ ಇದ್ದಾಗಲೇ. ಅಕ್ಕಾ, ಒಂದು ಮಾತು ಎಂದು ಬಾಯಿ ತೆರೆದ. ಅವಳು ಬೂದಿಯ ಚಿಪ್ಪನ್ನು ಅವನ ಕಡೆ ಸರಿಸಿ, "ಮಾತು ಎಲ್ಲಿ ಓಡೋಗ್ತದೆ, ಕೆಲಸ ಮಾಡ್ತಾ ಆಡಿದ್ರಾಯ್ತು" ಎಂದಳು. ಹಣಿಗೆಯ ಆಚೆ ಕೂತು ಹಳೆಯ ಎಳೆಯೊಂದನ್ನು ಎತ್ತಿ ಹಿಡಿದ. ಅದು ಎಲ್ಲಿದೆ, ಅದರ ಪಕ್ಕದ್ದು ಯಾವುದು ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು. ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ಬೆರಳುಗಳು ತನಗೆ ಹೇಳದೆಯೇ ಈ ಒಂದನ್ನು ಬಚ್ಚಿಟ್ಟುಕೊಂಡಿದ್ದವು. ಮೊದಮೊದಲು ಎತ್ತಿಕೊಡುವುದಷ್ಟೇ ಅವನ ಕೆಲಸವಾಗಿತ್ತು. ಸ್ವಲ್ಪ ಹೊತ್ತಿಗೆ ಅಕ್ಕ ಆ ತುದಿಯಿಂದ, ಅವನು ಈ ತುದಿಯಿಂದ ಹೊಸೆಯುತ್ತಿದ್ದರು. ಹೇಳಬೇಕಾದದ್ದು ಇನ್ನೂ ಹಾಗೇ ಇತ್ತು. ಇನ್ನೊಂದು ಎಳೆ ಆಗಲಿ ಎಂದುಕೊಂಡ. ಇನ್ನೊಂದು.

ಮುತ್ಯಾಲಪ್ಪ ಬಾಗಿಲಿಗೆ ಒರಗಿ ಎಲೆಯಡಿಕೆ ಮೆಲ್ಲುತ್ತಾ ಊರ ಸುದ್ದಿ ಹೇಳಿದ. ಪಕ್ಕದ ಮನೆಯ ನಾರಪ್ಪ ಮಗ್ಗ ಬಿಚ್ಚಿ ಮಾರಿ ಹೊರಟದ್ದು, ಹೊರಡುವ ಮುಂಚೆ ಮಾತ್ರ ಇದ್ದ ಹಾಸನ್ನು ಮುಗಿಸಿಯೇ ಹೋದದ್ದು. "ಎಳೆ ಕೂಡಿಸಿ ಅರ್ಧಕ್ಕೆ ಬಿಡೋಕೆ ಅವನೇನು ಸಂತೆ ಮಾತಿನೋನಾ? ಕಡೇ ಎಳೆ ಅವನ ಕೈಯಾರೆ ಕೂಡಿಸಿದ್ದ." ಕೇಶವಯ್ಯನಿಗೂ ಗೊತ್ತಿದ್ದದ್ದೇ. ಹಾಸಿನ ಕೊನೆಯ ಎಳೆಯನ್ನು ಮನೆಯ ಗಂಡಸು ಕೂಡಿಸಬೇಕು, ಕೂಡಿಸಿದನೆಂದರೆ ಆ ಹಾಸು ನೇಯ್ದು ಮುಗಿಯುವವರೆಗೂ ಮಗ್ಗ ಬಿಚ್ಚು ಎಂದು ಅವನು ಬಾಯಿ ಬಿಡುವಂತಿಲ್ಲ. ಬೀದಿಯ ಮುಂದೆ ಮಾತು ಕೊಟ್ಟ ಹಾಗೆ. ಅಪ್ಪ ಮಡಿ ಉಟ್ಟು, ಎಳೆಗೆ ಅರಿಸಿನ ಮುಟ್ಟಿಸಿ, ಹೊಸೆದು, ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅಪ್ಪ ಹೋದ ಮೇಲೆ ಅಕ್ಕನ ಹಾಸುಗಳ ಕಡೆಯ ಎಳೆ ಮುತ್ಯಾಲಪ್ಪನದೇ. ಮನೆಯ ಗಂಡಸು ಅಷ್ಟು ವರ್ಷವೂ ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ, ಹಿಂದೂಪುರದಲ್ಲಿ.

"ಅದೇನೋ ಹೇಳ್ತಿದ್ಯಲ್ಲ ಆಗ," ಎಂದಳು ಅಕ್ಕ ಇದ್ದಕ್ಕಿದ್ದಂತೆ, "ಲುಕ್ಡು ಆಫ್ಟರು, ಸೆಂಟು ಫಾರು... ಆಮೇಲೆ ಒಂದು ಬತ್ತದಲ್ಲ, ನಾಯಿ ಬೊಗಳಿದಂಗೆ?"

"ಪುಟ್ ಆಫ್."

"ಅದೇ. ಪುಟ್ಟಾಫು. ಈಗ್ಲೂ ಅದನ್ನೇ ಹೇಳ್ಕೊಟ್ಟು ಸಂಬಳ ಎಣಿಸ್ತೀಯಾ?"

"ಅದನ್ನೇ."

"ನಮ್ಮಪ್ಪನೂ ಅಷ್ಟೇ, ಸಾಯೋವರ್ಗೂ ಒಂದೇ ಅಂಚು ನೇಯ್ದ" ಎಂದು ಅವಳು ನಕ್ಕಳು, ಅವನೂ ನಕ್ಕ. ನಗುತ್ತಲೇ ಹಳೆಯ ರಾಗ ಬಂದುಬಿಟ್ಟಿತು. ಅವಳು ಒಂದು ಎಳೆ ಹೊಸೆದು ವಾಸ್ ಲಾಫ್ಡ್ ಎಂದಳು, ಅವನು ತನ್ನ ತುದಿಯಲ್ಲಿ ಇನ್ನೊಂದು ಹೊಸೆದು ಅಟ್ ಎಂದ. ಮುತ್ಯಾಲಪ್ಪ, "ಇದೇಂ ಭಜನರಾ ನಾಯ್ನಾ!" ಎಂದು ಬಾಗಿಲಲ್ಲೇ ತಾಳ ಹಾಕಿದ. ಬಿಸಿಲಿನ ಕೋಲು ಗೋಡೆ ಹತ್ತಿತು. ನಡುವೆ ಮುದ್ದೆ ಉಂಡು, ಮತ್ತೆ ಕೂತರು. ಎಷ್ಟು ಹೊತ್ತಾಯಿತೋ, ಅವನಿಗೆ ಬೆನ್ನು ನೋಯುತ್ತಿತ್ತು, ಆ ನೋವು ಕೂಡ ಪರಿಚಿತವಾಗಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನಿದ್ದೆಹೋಗುತ್ತಿದ್ದ ಮಧ್ಯಾಹ್ನಗಳು, ತಲೆಯ ಮೇಲೆ ಹಾದುಹೋಗುವ ಲಾಳಿಯ ಗಾಳಿ, ನಿದ್ದೆಯಲ್ಲೇ ಯಾರೋ ಕಾಲನ್ನು ಎತ್ತಿ ಪಕ್ಕಕ್ಕಿಟ್ಟ ಹಾಗೆ. ಯಾರೋ ಅಲ್ಲ. ಎತ್ತಿಟ್ಟವಳು ಎದುರಿಗೇ ಕೂತಿದ್ದಳು, ನಾಲಿಗೆಯ ತುದಿ ಹೊರಗಿಟ್ಟುಕೊಂಡು, ಎಳೆಯ ಮೇಲೆ ಬಾಗಿ.

"ಗಂಗಾ ರಜ ಮುಗೀತೇನೋ" ಎಂದಳು ಅವಳು, ತಲೆ ಎತ್ತದೆ.

ಅವಳಿಗೆ ಗೊತ್ತಿದೆ. ಜಗಲಿಯಿಂದ ಒಳಗೆ ಬಂದಾಗಲೇ ಗೊತ್ತಿತ್ತೇನೋ. ಮೂವತ್ತನಾಲ್ಕು ವರ್ಷದ ಗಂಡಸು ಕಳ್ಳ ಹುಡುಗನಂತೆ ಕೆಂಪಾದ. ಇನ್ನು ತಡೆಯುವಂತಿಲ್ಲ ಎನ್ನಿಸಿ, ಬಸ್ಸಿನಲ್ಲಿ ಮಗುಚಿ ಮಗುಚಿ ನುಣ್ಣಗಾಗಿದ್ದ ಮಾತನ್ನು ಒಂದೇ ಉಸಿರಿಗೆ ಬಿಚ್ಚಿದ. ಸೋಮವಾರಕ್ಕೆ ಮುಗಿಯುತ್ತೆ ಅಕ್ಕ. ಅದಕ್ಕಲ್ಲ ನಾನು ಬಂದಿದ್ದು. ನೀನು ಒಬ್ಬಳೇ ಎಷ್ಟು ದಿನ ಅಂತ ಈ ಗುಂಡಿಯಲ್ಲಿ ಕೂತಿರ್ತೀಯ, ಕಣ್ಣು ಹೋಗುತ್ತೆ, ಸೊಂಟ ಹೋಗುತ್ತೆ. ಅಲ್ಲಿ ಮನೆ ದೊಡ್ಡದಿದೆ, ನಲ್ಲಿ ನೀರು ಬರುತ್ತೆ. ಮಗ್ಗ ಬಿಚ್ಚಿಬಿಡೋಣ, ಮುತ್ಯಾಲಪ್ಪ ಯಾರಿಗಾದರೂ ಮಾರಿಕೊಡ್ತಾನೆ. ನಿನ್ನನ್ನ ನಾವು ನೋಡಿಕೊಳ್ತೀವಿ. ಅವನು ಅವಳ ಮುಖ ನೋಡಲಿಲ್ಲ. ಎಲ್ಲಾದರೂ ನೋಡಬೇಕಲ್ಲ ಎಂದು ತನ್ನ ಬೆರಳುಗಳ ಕಡೆ ನೋಡುತ್ತಾ ಮಾತು ಮುಗಿಸಿದ, ಆದರೆ ಬೆರಳುಗಳನ್ನು ಅವನು ಕಂಡಿರಲಿಲ್ಲ. ಬಾಗಿಲಲ್ಲಿ ಮುತ್ಯಾಲಪ್ಪ ಮೆಲ್ಲುವುದನ್ನು ನಿಲ್ಲಿಸಿ ಕತ್ತು ಚಾಚಿದ.

ಅಕ್ಕನ ಕೈ ಖಾಲಿಯಾಗಿತ್ತು, ಯಾವಾಗಲೋ ಅವಳ ಪಾಲಿನ ಎಳೆ ಮುಗಿದುಹೋಗಿತ್ತು. ಅವಳು ನೋಡುತ್ತಿದ್ದದ್ದು ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ಇದ್ದದ್ದನ್ನು. ಹಾಲು ಬಣ್ಣದ ಕಟ್ಟಕಡೆಯ ಎಳೆ. ಹಳೆಯದೂ ಹೊಸದೂ ಸೇರಿ, ಬೂದಿಯಲ್ಲಿ ಬಿಗಿಯಾಗಿ ಹೊಸೆದು, ಮಡಿಸಿ ಒತ್ತಿಯೂ ಆಗಿತ್ತು. ಹಣಿಗೆಯಲ್ಲಿ ಕೂಡಿಸದ ಬಾಲ ಇನ್ನೊಂದಿರಲಿಲ್ಲ.

"ಬಾಯಾಗೆ ಬಿಚ್ಚು ಅಂದೆ," ಎಂದಳು ಅಕ್ಕ ಮೆಲ್ಲಗೆ, "ಕೈಯಾಗೆ ಕಟ್ಬುಟ್ಟೆ ಕಣ್ಲಾ."

"ಅಯಿಪಾಯ ಪೋ, ಮುಗೀತು!" ಎಂದು ಮುತ್ಯಾಲಪ್ಪ ತೊಡೆ ತಟ್ಟಿ ಗಹಗಹಿಸಿದ. "ಅರಿಸಿನ ಇಲ್ಲ, ಮಡಿ ಇಲ್ಲ, ಪ್ಯಾಂಟಾಗೇ ಮಾತು ಕೊಟ್ಬುಟ್ಟ ಮೇಷ್ಟ್ರು! ಬೀದಿಗೆಲ್ಲಾ ಹೇಳಿ ಬತ್ತೀನಿ ತಾಳು."

ಅವನು ಕೈ ಹಿಂದಕ್ಕೆಳೆದುಕೊಂಡ, ಬಿಸಿ ಮುಟ್ಟಿದಂತೆ. ಗೊತ್ತಿಲ್ಲದೆ ಆಯ್ತು ಎಂದು ಹೇಳಹೊರಟ. ಆಯ್ತು. ಎಷ್ಟು ಸಲೀಸಾದ ಮಾತು, ಮಾಡಿದವರೇ ಇಲ್ಲದ ಮಾತು. ಅದು ನಾಲಿಗೆಯ ಮೇಲೆ ನಿಂತೇಹೋಯಿತು. ಬಿಚ್ಚಿಬಿಡಲೇ ಎಂದು ಒಂದು ಕ್ಷಣ ನೋಡಿದ. ಬೆರಳಿನಿಂದ ಎದುರು ತಿರುವಿದರೆ ಸಾಕಿತ್ತು. ಅಕ್ಕ ತಡೆಯುತ್ತಿರಲಿಲ್ಲ. ಅದೂ ಅವನಿಗೆ ಗೊತ್ತಿತ್ತು. ಅವಳು ಯಾವತ್ತೂ ತಡೆದವಳಲ್ಲ. ಆ ನೆನಪಿಗೇ ಅವನ ಕೈ ಮೇಲೇಳಲಿಲ್ಲ.

ಅವಳು ಸೆರಗಿನಿಂದ ಬೂದಿ ಒರೆಸಿಕೊಂಡು, ಅವನು ತಂದ ಮಗುವಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. "ಕಿವಿ ನಿಂದೇ" ಎಂದಳು. ಆಮೇಲೆ, ಫೋಟೋಗೇ ಹೇಳುವಂತೆ, "ಮಗೂನ ನೋಡ್ಕೋ ಬಾ ಅಕ್ಕ ಅಂದಿದ್ರೆ ಏನಾಗ್ತಿತ್ತೋ ಕಾಣೆ. ಬಂದೂ ಬುಡ್ತಿದ್ನೇನೋ. ನಿನ್ನ ನೋಡ್ಕಂತೀವಿ ಅಂತ ಯಾಕಂದೆ ಕೇಶವ? ನಂಗೇನಾಗಿದೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಈ ಹಾಸು ಮುಗೀಲಿ. ಬತ್ತೀನಿ, ನೆಂಟಳಂಗೆ ಬತ್ತೀನಿ. ಹಪ್ಪಳ ಕರಿದು ಇಕ್ಕು ಅಂತ ಹೇಳು ಗಂಗಂಗೆ."

ಮರಳುವ ಬಸ್ಸಿನಲ್ಲಿ ಬಂಡೆಗಳು ಹಿಂದಕ್ಕೆ ಓಡಿದವು, ಅವನು ಕೂತಿದ್ದ. ಗಂಗಾದೇವಿಗೆ ಏನು ಹೇಳುವುದು? ಕೆಲಸ ಆಗಲಿಲ್ಲ ಎನ್ನಬಹುದು. ಅಕ್ಕನಿಗೆ ಹಾಸು ಬಂದುಬಿಟ್ಟಿದೆ ಎನ್ನಬಹುದು. ಒಂದೊಂದೂ ನಿಜ, ಒಂದರಲ್ಲೂ ಅವನಿಲ್ಲ. ಆಶ್ಚರ್ಯವೆಂದರೆ, ನಾಚಿಕೆಯ ಅಡಿಯಲ್ಲಿ ಎಲ್ಲೋ ಒಂದು ಹಗುರ ಇತ್ತು, ಪರೀಕ್ಷೆಯಲ್ಲಿ ಫೇಲಾದದ್ದು ಗೊತ್ತಾದ ದಿನ ಸಂಜೆ ಆಡಲು ಹೋದಂಥ ಹಗುರ. ಬೆರಳ ತುದಿಯನ್ನು ಮೂಗಿನ ಹತ್ತಿರ ತಂದ. ಒಲೆಯ ವಾಸನೆ. ಕಲ್ಯಾಣದುರ್ಗದಲ್ಲಿ ಮಗ್ಗವೊಂದು ನಾಳೆ ಬೆಳಗ್ಗೆ ಸದ್ದು ಮಾಡುತ್ತದೆ ಎಂದುಕೊಂಡ. ಕಣ್ಣು ಮುಚ್ಚಿದರೆ ಯಾರ ಮನೆಯದೆಂದು ಈಗಲೂ ಹೇಳಬಲ್ಲ.

ಹಿಂದೂಪುರದಲ್ಲಿ ದೀಪ ಹತ್ತಿದ್ದವು. ಗಂಗಾದೇವಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವನ ಹಿಂದೆ ಯಾರೂ ಬರದಿದ್ದದ್ದನ್ನು ನೋಡಿದಳು.

"ಏನಾಯ್ತು?"

"ಕಡೇ ಎಳೆ ನಾನೇ ಕೂಡಿಸ್ದೆ" ಎಂದ ಕೇಶವಯ್ಯ.

ಅವಳೂ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಬಿಡಿಸಿ ಹೇಳಬೇಕಾಗಲಿಲ್ಲ. ಅವನ ಕೈ ಹಿಡಿದು ದೀಪದ ಕಡೆ ತಿರುಗಿಸಿ, ಬೂದಿಬೂದಿಯಾದ ಬೆರಳ ತುದಿಗಳನ್ನು ಸ್ವಲ್ಪ ಹೊತ್ತು ನೋಡಿದಳು. ತುಟಿ ಬಿಗಿಯಾಯಿತು, ಬೈಯುತ್ತಾಳೆಂದುಕೊಂಡ. "ಮಧ್ಯಾಹ್ನದ ಶಿಫ್ಟ್ ಕೊಡ್ತೀವಿ ಅಂತ ಹೋದ ತಿಂಗಳೇ ಹೇಳಿದ್ರು," ಎಂದಳು ಕೊನೆಗೆ. "ನಿಮ್ಮ ಕಾಲೇಜು ಮಧ್ಯಾಹ್ನಕ್ಕೇ ಬಿಡ್ತದೆ, ಆಮೇಲೆ ಮಗು ನಿಮ್ಮ ಹತ್ರ ಇರ್ಲಿ ಅಂತ ನಾನು ಅಂದಾಗ ನೀವು ಪೇಪರ್ ಓದ್ತಿದ್ರಿ. ಹಿಡೀರಿ."

ಅವನು ಕೈ ತೊಳೆಯಬೇಕು ಎಂದ. ಅವಳು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡಳು. ಮಗು ಅವನ ತೋಳಿಗೆ ಬಂತು, ಅವನು ನೆನಸಿದ್ದಕ್ಕಿಂತ ಭಾರವಾಗಿ, ಅವನದೇ ಕಿವಿ ಹೊತ್ತುಕೊಂಡು. ಅದು ಅವನ ಹೆಬ್ಬೆರಳನ್ನು ಇಡೀ ಮುಷ್ಟಿಯಲ್ಲಿ ಹಿಡಿದು ಎಳೆಯಿತು, ತನ್ನ ಕೆನ್ನೆಗೆ ಒತ್ತಿಕೊಂಡಿತು. ಕೆನ್ನೆಯ ಮೇಲೆ ಬೂದಿಯ ಬೊಟ್ಟು ಮೂಡಿತು. ಅವನು ಅದನ್ನು ಒರೆಸಲಿಲ್ಲ. ಬೆರಳು ಬಿಡಿಸಿಕೊಳ್ಳಲೂ ಇಲ್ಲ.